ಒಂದು ಪೊಟ್ಟಣಕ್ಕೆ ಎಷ್ಟು ಲೋಟ?

ನೂಲಿಗೆ ಬಣ್ಣ ಹಾಕುವ ಅಜ್ಜನ ಮುಂದೆ ಅಳತೆಯ ಮಾತೆತ್ತಿದರೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ಬಣ್ಣ ಗಾಢವಾಗಬೇಕೆ? ಪುಡಿ ಹೆಚ್ಚು, ನೀರು ಕಡಿಮೆ. ನಲವತ್ತು ವರ್ಷದ ಕಣ್ಣಂದಾಜು ಅವನಿಗೆ ಎಂದೂ ಕೈಕೊಟ್ಟಿರಲಿಲ್ಲ.

ಆ ದಿನ ಎರಡು ವರ್ಷದ ಮೊಮ್ಮಗಳಿಗೆ ಬೆಳಗಿನಿಂದ ಭೇದಿ. ಮಗಳು ಕೆಲಸಕ್ಕೆ ಹೊರಡುವಾಗ ಭೇದಿಗೆ ಕುಡಿಸುವ ಉಪ್ಪು-ಸಕ್ಕರೆ ಪುಡಿಯ ಓಆರ್‌ಎಸ್ ಪೊಟ್ಟಣ ಕೊಟ್ಟು, "ಅಪ್ಪಾ, ನೀರಲ್ಲಿ ಕರಗಿಸಿ ಕುಡಿಸ್ತಾ ಇರಿ" ಎಂದಳು. ಎಷ್ಟು ನೀರು ಎಂದು ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಮಗು ಬೇಗ ಚೇತರಿಸಿಕೊಳ್ಳಲಿ ಎಂದು ಅಜ್ಜ ಇಡೀ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದ. ಅರ್ಧ ಲೋಟ ಹೊಟ್ಟೆಗೆ ಹೋಗುವಷ್ಟರಲ್ಲಿ ಮಗು ಎಲ್ಲವನ್ನೂ ಕಾರಿಕೊಂಡಿತು. ಮಧ್ಯಾಹ್ನವಾದರೂ ಉಚ್ಚೆ ಹೊಯ್ಯಲಿಲ್ಲ. ತುಟಿ ಒಣಗಿತ್ತು. ಅಜ್ಜ ಪಕ್ಕದ ಮನೆಯ ನರ್ಸಮ್ಮನನ್ನು ಕೂಗಿದ.

ಮೈಯಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಎಂದು ತಿಳಿಯಲು ಅವಳು ಮಗುವಿನ ಹೊಟ್ಟೆಯ ಚರ್ಮ ಮೆಲ್ಲಗೆ ಎಳೆದು ನೋಡಿದಳು. ಆಮೇಲೆ ಲೋಟ ನೋಡಿದಳು.

"ಅಜ್ಜಾ, ಪೊಟ್ಟಣಕ್ಕೆ ಎಷ್ಟು ನೀರು ಹಾಕಿದ್ರಿ?"

"ಒಂದು ಲೋಟ. ಗಟ್ಟಿಯಾಗಿದ್ರೆ ತಾನೇ ಬೇಗ ಗುಣ ಆಗೋದು?"

"ಪೊಟ್ಟಣದ ಮೇಲೆ ಒಂದು ಲೀಟರ್‌ಗೆ ಅಂತ ಬರೆದಿದೆ. ನಿಮ್ಮ ಲೋಟ ಇನ್ನೂರು ಎಂಎಲ್‌ದು. ಇಂಥವು ಐದಾದ್ರೆ ಲೀಟರ್. ಅಂದ್ರೆ ನೀವು ಕೊಟ್ಟಿದ್ದು ಐದು ಪಟ್ಟು ಗಟ್ಟಿ. ಅದರಲ್ಲಿರೋ ಅಷ್ಟು ಉಪ್ಪು ಸಕ್ಕರೆ, ಮೈಯಲ್ಲಿರೋ ನೀರನ್ನೇ ಕರುಳಿಗೆ ಎಳ್ಕೊಳ್ಳುತ್ತೆ. ಭೇದಿ ಇನ್ನೂ ಜಾಸ್ತಿಯಾಗುತ್ತೆ."

"ಔಷಧಿ ಅದೇ ಅಲ್ವೇನಮ್ಮಾ? ಹೇಗೆ ಕೆಡುಕಾಗುತ್ತೆ?"

"ಒಂದು ಬಕೆಟ್ಟಿಗೆ ಹಾಕೋ ಬಣ್ಣಾನೆಲ್ಲ ಒಂದು ಚೊಂಬಿಗೆ ಸುರಿದು ನೂಲು ಅದ್ದಿದ್ರೆ?"

"ನೂಲು ಹಾಳಾಗಿ ಹೋಗುತ್ತೆ! ಬಣ್ಣ ಸರಿಯಾಗಿ ಕರಗೋದೇ ಇಲ್ಲ, ಬರೀ ಕಲೆ..." ಅಜ್ಜ ತಾನು ಕಲಸಿದ ಲೋಟವನ್ನು ಕೈಗೆತ್ತಿಕೊಂಡ.

"ಲೋಟದಲ್ಲಿ ಅರ್ಧ ಉಳಿದಿದೆ. ಅಂದ್ರೆ ಅರ್ಧ ಪೊಟ್ಟಣ. ಇನ್ನೆರಡು ಲೋಟ ನೀರು ಸೇರಿಸಿದ್ರೆ ಅರ್ಧ ಲೀಟರ್. ಸರಿಹೋಗುತ್ತಾ?" ಎಂದು ಅಜ್ಜ ಕೇಳಿದ.

"ಲೆಕ್ಕಕ್ಕೆ ನೂರಕ್ಕೆ ನೂರು. ಆದ್ರೆ ಎಂಜಲಾಗಿದೆ, ಚೆಲ್ಲಿಬಿಡಿ."

ನರ್ಸಮ್ಮ ಹೊಸ ಪೊಟ್ಟಣ, ಗೆರೆಯಿರುವ ಜಗ್ಗು ತಂದಳು. ಅಜ್ಜ ಕೈ ತೊಳೆದು, ಕಣ್ಣು ಗೆರೆಗೆ ನೇರವಾಗುವಂತೆ ಕುಕ್ಕರಗಾಲಲ್ಲಿ ಕೂತು, ಕುದಿಸಿ ಆರಿಸಿದ ನೀರನ್ನು ಲೀಟರಿನ ಗೆರೆಯವರೆಗೆ ಸುರಿದ. ಆಮೇಲೆ ಪುಡಿ ಕರಗಿಸಿದ.

"ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ವಾಂತಿಯಾದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎರಡು ಗಂಟೆ ನಾನೂ ಇಲ್ಲೇ ಇರ್ತೀನಿ. ಮಂಪರು ಬಂದ್ರೆ ಆ ಕ್ಷಣವೇ ಆಸ್ಪತ್ರೆ."

ಮಗು ಕುಡಿಯಿತು. ಎರಡು ಗಂಟೆ ತುಂಬುವ ಮೊದಲೇ ಅಜ್ಜನ ತೊಡೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು. ಅವನು ಬಟ್ಟೆ ಬದಲಿಸಲಿಲ್ಲ, ಏಳಲೂ ಇಲ್ಲ. "ಹೊಯ್ದಳಮ್ಮಾ, ಹೊಯ್ದಳು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಅತ್ತುಬಿಟ್ಟ.

ನಿಮ್ಮ ಮನೆಯ ಪೊಟ್ಟಣ ಒಂದು ಲೀಟರಿನದೋ ಇನ್ನೂರು ಎಂಎಲ್‌ನದೋ, ಇವತ್ತೇ ಓದಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಿ. ಒಂದು ದಿನ ಕಳೆದರೆ ಉಳಿದದ್ದನ್ನು ಚೆಲ್ಲಿ. ಮಗು ಮಂಕಾದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಯಾರನ್ನೂ ಕಾಯದೆ ಆಸ್ಪತ್ರೆಗೆ ಹೊರಡಿ.