ಗೋಡೆಗೆ ಹತ್ತಿದ ಟಾಕಿ

ಮರಾಠಿ ಸೀಮೆಯ ವಾಕಡದಲ್ಲಿ ಮುಗಿಲು ಮುಟ್ಟುವಂಥ ಕಟ್ಟಡ ಏಳುತ್ತಿತ್ತು. ಅದನ್ನು ಕಟ್ಟುವ ಯಾದಗಿರಿ ಕಡೆಯ ಮಂದಿ ಅದರ ಬುಡದಲ್ಲೇ ತಗಡಿನ ಖೋಲಿಗಳಲ್ಲಿದ್ದರು. ಅಲ್ಲಿನ ಹೆಂಗಸರಿಗೊಂದು ಪಾಯಖಾನೆ ಬಂದದ್ದು ರುದ್ರವ್ವನ ಬಾಯಿಯ ಜೋರಿನಿಂದ. ನಾಲಾದ ದಂಡೆಯ ಕಂಟಿಯಲ್ಲಿ ಕೂರುವ ಪಾಡನ್ನು ಆಕೆ ಸೈಟಿನ ಸಾಹೇಬನ ಮುಂದೆ ನಾಚಿಕೆ ಬಿಟ್ಟು ವರ್ಣಿಸಿದಳು. ಕೇಳಲಾರದೆ ಆತ ತರಿಸಿಕೊಟ್ಟ. ಆದರೆ ಒಮ್ಮೆ ಕೆಟ್ಟರೆ ಎತ್ತಿಸಿಬಿಡುತ್ತೇನೆ ಎಂದೂ ಹೇಳಿದ.

ಅದು ಹೊಸ ನಮೂನೆಯದು. ಕೆಳಗಿನ ಟಾಕಿಯಲ್ಲಿ, ಅಂದರೆ ತೊಟ್ಟಿಯಲ್ಲಿ, ಬ್ಯಾಕ್ಟೀರಿಯಾ ಬಿಟ್ಟಿರುತ್ತಾರೆ. ಅವು ಹೇಲನ್ನು ತಿಂದು ತಿಳಿನೀರು ಮಾಡುತ್ತವೆ. ಆಸಿಡ್, ಫಿನೈಲ್ ಬಿದ್ದರೆ ಸಾಯುತ್ತವೆ. ರುದ್ರವ್ವ ಇದನ್ನು ಹೆಂಗಸರಿಗೆ ತನ್ನ ಭಾಷೆಯಲ್ಲಿ ತಿಳಿಸಿದಳು: ಹಾಲಿಗೆ ಹೆಪ್ಪು ಇದ್ದ ಹಾಗೆ, ಕೆಡಿಸಿದರೆ ಕೆಟ್ಟಿತು. ಬೀಗದ ಕೈ ಆಕೆಯ ಸೆರಗಿನ ಗಂಟಿನಲ್ಲೇ ಇರುತ್ತಿತ್ತು.

ದೀಪದ ಕಂಬ ಅಂಬಾಬಾಯಿಯ ಖೋಲಿಯ ಹಿಂದಿತ್ತು. ಹುಡುಗಿಯರು ಕತ್ತಲಲ್ಲಿ ಅಂಜಬಾರದೆಂದು ರುದ್ರವ್ವ ಪಾಯಖಾನೆಯನ್ನು ಅಲ್ಲಿಯೇ, ಆ ತಗಡಿನ ಗೋಡೆಗೆ ಹಚ್ಚಿ ಕೂರಿಸಿದಳು. ಮೊದಲು ಆಕೆಯನ್ನು ಕೇಳಿದ್ದಳು. ಇಬ್ಬರೂ ಒಂದೇ ಊರಿನವರು, ಒಂದೇ ಒಲೆಯಲ್ಲಿ ರೊಟ್ಟಿ ಬಡಿದವರು. ಇಡು ಅಕ್ಕಾ, ನನಗೇನು ತ್ರಾಸು ಎಂದು ಅಂಬಾಬಾಯಿ ನಕ್ಕಿದ್ದಳು. ಮುಂದೆ ಅಂಬಾಬಾಯಿಯ ಆ ಗೋಡೆಯ ಮೇಲಿನ ದೇವರು ಟ್ರಂಕಿನೊಳಗೆ ಹೋದವು. ಇಲಿ ಕಾಟ ಎಂದಳು. ರುದ್ರವ್ವ ನಂಬಿದಳು.

ರುದ್ರವ್ವ ಜೇಜುರಿಯ ಖಂಡೋಬಾ ದೇವರಿಗೆ ನಡೆದುಕೊಳ್ಳಲು ಹೋಗುವಾಗ ಬೀಗದ ಕೈಯನ್ನು ಅಂಬಾಬಾಯಿಗೆ ಕೊಟ್ಟಳು. ತಿರುಗಿ ಬಂದು ನೋಡಿದರೆ ಖೋಲಿಗಳ ತನಕ ನಾತ. ಪಾಯಖಾನೆಯ ಕಂಪನಿಯ ಹುಡುಗಿ ಅನುಜಾ ಮುಚ್ಚಳ ತೆಗೆದು, ಕಾಗದದ ಪಟ್ಟಿ ಅದ್ದಿ ನೋಡಿ, ಯಾರೋ ಡಬ್ಬಿಗಟ್ಟಲೆ ಆಸಿಡ್ ಸುರಿದಿದ್ದಾರೆ, ಒಂದೂ ಬದುಕಿಲ್ಲ ಎಂದಳು.

ರುದ್ರವ್ವ ನೆಟ್ಟಗೆ ಕೂಲಿಗಳ ಮೇಲಿನ ಮುಕಾದಮ ಧರ್ಮರಾಜನ ಮೇಲೆ ಹೋದಳು. ಹೆಂಗಸರಿಗೇಕೆ ಈ ಡೌಲು ಎಂದು ಅವನು ಮೊದಲಿಂದಲೂ ಗೊಣಗಿದವನು. ಮಂದಿಯ ನಡುವೆ ಅವನ ಹುಟ್ಟನ್ನೇ ಜಾಲಾಡಿದಳು. ಅವನು ಮಕ್ಕಳ ಮೇಲೆ ಆಣೆ ಮಾಡಿದರೂ ನಂಬಲಿಲ್ಲ.

ಆಮೇಲೆ ಜೇಜುರಿಯ ಭಂಡಾರ, ಆ ದೇವರ ಪ್ರಸಾದದ ಅರಿಶಿನ, ಕೊಡಲು ಅಂಬಾಬಾಯಿಯ ಖೋಲಿಗೆ ಹೋದಳು. ಗೋಡೆಗೆ ಹೊಸ ಬಣ್ಣ. ಟ್ರಂಕಿನಲ್ಲಿದ್ದ ದೇವರು ಮತ್ತೆ ಅದೇ ಗೋಡೆಯ ಮೇಲೆ ಹೂ ಏರಿಸಿಕೊಂಡು ಕೂತಿದ್ದವು. ಮುಂದೆ ದೀಪ. ಆಚೆಯ ಟಾಕಿ ಇನ್ನೂ ಗಬ್ಬು ನಾರುತ್ತಿದ್ದರೂ ಇಲ್ಲಿ ಮೈಲಿಗೆ ಕಳೆದಿತ್ತು.

ರುದ್ರವ್ವ ಭಂಡಾರದ ಪುಡಿಕೆ ಹಿಡಿದುಕೊಂಡೇ ನಿಂತಳು.

"ನೀನಽ ಏನು?"

ಅಂಬಾಬಾಯಿ ಸುಳ್ಳು ಹೇಳಲಿಲ್ಲ. "ಆಚಿಗೆ ಹುಳಾ ಹೇಲು ತಿಂತಾವ, ಈಚಿಗೆ ನಾ ದೀಪಾ ಹಚ್ಚಬೇಕು. ಹ್ಯಾಂಗ ಹಚ್ಚಲಿ ಅಕ್ಕಾ?"

"ಒಂದ್ ಮಾತು ಅಂದಿದ್ರ ಅವತ್ತಽ ಸರಸ್ತಿದ್ನಲ್ಲ."

"ನಿನ್ನ ಮುಂದ ಯಾರು ಒಲ್ಲೆ ಅಂತಾರ?"

ಆಸಿಡ್ ಹಾಕಿದರೆ ಅವು ಸಾಯುತ್ತವೆ ಎಂದು ಆಕೆಗೆ ಕಲಿಸಿದವಳು ತಾನೇ. ರೊಟ್ಟಿ ಬಡಿಯುತ್ತ ಕಲಿಸಿದ್ದಳು. ರುದ್ರವ್ವ ಭಂಡಾರವನ್ನು ಅಲ್ಲಿಯೇ ಇಟ್ಟು ಹೊರಗೆ ಬಂದಳು. ಧರ್ಮರಾಜನ ಹತ್ತಿರ ಹೋಗಿ, ನಿನ್ನ ಮೇಲೆ ಹೊರಿಸಿದ್ದು ನನ್ನ ತಪ್ಪು ಎಂದಳು. ಮತ್ತೆ ಸುರಿದವರು ಯಾರು ಎಂದು ಅವನು ಕೆದಕಿದ. ಆಕೆ ಹೆಸರು ಹೇಳಲಿಲ್ಲ.

ಸಾಹೇಬ ಎತ್ತಿಸಲು ಗಾಡಿ ಹೇಳಿದ್ದ. ರುದ್ರವ್ವ ಅವನ ಬಾಗಿಲಲ್ಲಿ ಕೂತು ಗಾಡಿಯನ್ನು ತಿರುಗಿಸಿದಳು. ಅನುಜಾ ಟಾಕಿ ಬರಿದು ಮಾಡಿಸಿ, ಹೊಸ ಬ್ಯಾಕ್ಟೀರಿಯಾದ ಕ್ಯಾನು ತಂದು, ಇದೇ ಜಾಗದಲ್ಲಿ ಮತ್ತೆ ಹೀಗಾದರೆ ಯಾರು ಹೊಣೆ ಎಂದು ಕೇಳಿದಳು. ಇಲ್ಲಿ ಬೇಡ, ನನ್ನ ಗೋಡೆಗೆ ಹಚ್ಚಿರಿ, ಅಲ್ಲಿಗೊಂದು ದೀಪ ನಾನೇ ಹಾಕಿಸುತ್ತೇನೆ ಎಂದಳು ರುದ್ರವ್ವ. ಆಕೆಯ ಒಲೆಯೂ ದೇವರೂ ಅದೇ ಗೋಡೆಗಿದ್ದವು.

ಟಾಕಿ ಸರಿಸಲು ಹೆಂಗಸರೆಲ್ಲ ಕೈ ಹಚ್ಚಿದರು. ಅಂಬಾಬಾಯಿಯೂ ಕಚ್ಚೆ ಬಿಗಿದು ಬಂದು ಒಂದು ಮೂಲೆ ಹಿಡಿದಳು.

"ನೀ ಕೈ ತೆಗಿ," ಎಂದಳು ರುದ್ರವ್ವ.

ಯಾಕೆಂದು ಉಳಿದವರಿಗೆ ತಿಳಿಯಲಿಲ್ಲ. ಅಂಬಾಬಾಯಿ ಕೈ ತೆಗೆದಳು. ಆ ಮೂಲೆ ನೆಲಕ್ಕೆ ಬಾಗಿತು. ರುದ್ರವ್ವ ಅದಕ್ಕೂ ತಾನೇ ಹೆಗಲು ಕೊಟ್ಟಳು.