ಕಚ್ಚಿ ಕೊಡುವ ತಾತ

ತಾವು ಮಾಡಿದ ಮರದ ಆಟಿಕೆಯನ್ನು ಒಮ್ಮೆ ಕಚ್ಚಿ ನೋಡದೆ ನಮ್ಮ ಬೀದಿಯ ಆ ತಾತ ಯಾವ ಗಿರಾಕಿಯ ಕೈಗೂ ಕೊಟ್ಟವರಲ್ಲ. ಕುದುರೆಯಾದರೆ ಕಿವಿ, ಬಂಡಿಯಾದರೆ ಚಕ್ರ, ಗಿಲಕಿಯಾದರೆ ಹಿಡಿ. ಅಳಿದುಳಿದ ಹಲ್ಲುಗಳ ನಡುವೆ ಗಂಭೀರವಾಗಿ ಅಮುಕಿ, ಕ್ಷಣಕಾಲ ಕಣ್ಮುಚ್ಚಿ, ಆಮೇಲೆ ಕಂದು ಕೋಟಿನ ತೋಳಿಗೆ ಒರೆಸಿ, "ಹೂಂ, ತಗೊಳ್ಳಿ" ಎನ್ನುವರು. ಎಂಜಲೆಂದು ಮೂಗು ಮುರಿದು ಹೋದವರೂ ಉಂಟು. ಬೀದಿಯ ಮಕ್ಕಳ ಬಾಯಲ್ಲಿ ಅವರು ‘ಕಚ್ಚೋ ತಾತ’. ಜೇಬಿನ ತುಂಬ ಮರದ ಚಕ್ರಗಳನ್ನು ತುಂಬಿಕೊಂಡು, ಒಂದು ಭುಜ ಇಳಿಬಿಟ್ಟು, ಟಕಟಕ ಸದ್ದಿನೊಂದಿಗೆ ಅವರು ಬರುತ್ತಿದ್ದ ಆ ನಡಿಗೆಯನ್ನು ನೆನೆದರೆ ಈಗಲೂ ಕಿವಿ ನಿಮಿರುತ್ತದೆ. ಯಾವ ಮಾತಿಗೂ ಮೊದಲು "ಅದಿರ್ಲಿ" ಎನ್ನುವುದು ಅವರ ರೂಢಿ.

ಪ್ರಾಯದಲ್ಲಿ ಅವರ ಹಳದಿ ಬಣ್ಣ ಹೆಸರುವಾಸಿಯಾಗಿತ್ತು. ಬಿಸಿಲಿಗೆ ಮಾಸದ, ನೀರಿಗೆ ಜಗ್ಗದ ಹಳದಿ ಅದು. ಮಗಳು ಗುಬ್ಬಿ ಹುಟ್ಟಿದ ಹಿಗ್ಗಿನಲ್ಲಿ ಅವರೊಂದು ಬಾತುಕೋಳಿ ಕೆತ್ತಿದರು. ಗಿರಾಕಿಗಳ ಮಕ್ಕಳಿಗೆ ಎರಡು ಸಲ ಬಳಿಯುವ ಬಣ್ಣವನ್ನು ತಮ್ಮ ಗುಬ್ಬಿಗೆಂದು ನಾಲ್ಕು ಸಲ ಬಳಿದರು. ಮಗುವಿಗೆ ಹಲ್ಲು ಬರುವ ಕಾಲ, ಹಗಲಿಡೀ ಅದನ್ನು ಚೀಪಿತು. ಬಣ್ಣ ಸವೆದಲ್ಲೆಲ್ಲ ಅಪ್ಪ ಮುದ್ದಿನಿಂದ ಮತ್ತೆ ಬಳಿದುಕೊಟ್ಟರು.

ಮಾತು ಕಲಿಯುತ್ತಿದ್ದ ಗುಬ್ಬಿ ಕಲಿತ ಮಾತುಗಳನ್ನೇ ಒಂದೊಂದಾಗಿ ಬಿಡತೊಡಗಿದಾಗ, ರಕ್ತ ಪರೀಕ್ಷೆ ಮಾಡಿಸಿದ ವೈದ್ಯೆ ಮೇಜಿನ ಮೇಲಿದ್ದ ಬಾತುಕೋಳಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಈ ಬಣ್ಣದಲ್ಲಿ ಸೀಸ ಇದೆ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನ ಜಾಸ್ತಿ ಹೀರ್ಕೊಳ್ಳುತ್ತೆ. ಬೆಳೀತಿರೋ ಮಿದುಳಿಗೆ ಪೆಟ್ಟು ಕೊಡುತ್ತೆ. ಇನ್ಮುಂದೆ ಆಗದ ಹಾಗೆ ತಡೀಬಹುದು, ಆಗಿದ್ದು ಪೂರ್ತಿ ಸರಿಹೋಗುತ್ತೆ ಅಂತ ಮಾತ್ರ ಹೇಳಲಾರೆ."

"ನೀವೇನು ಬೇಕಂತ ಮಾಡಿದ್ರಾ?" ಎಂದು ಹೆಂಡತಿ ಎಷ್ಟು ಸಮಾಧಾನ ಹೇಳಿದರೂ, "ಅದಿರ್ಲಿ, ಬಳಿದಿದ್ದು ಈ ಕೈಯೇ ಅಲ್ವಾ?" ಎಂದು ಅಂಗೈ ನೋಡಿಕೊಳ್ಳುವರು. ಅಂದಿನಿಂದ ಅಂಗಡಿಯಲ್ಲಿ ಬಣ್ಣದ ಡಬ್ಬಿಗಳಿಗೆ ಜಾಗವಿರಲಿಲ್ಲ. ಬರೀ ಮೈಯ ಕುದುರೆಗಳು, ಬರೀ ಮೈಯ ಬಂಡಿಗಳು. ಗಿರಾಕಿಗಳು ಕಡಿಮೆಯಾದರು. "ಏನ್ ತಾತ, ಬಣ್ಣಕ್ಕೂ ಬರಗಾಲಾನಾ?" ಎಂದು ಛೇಡಿಸಿದವರಿಗೆ, "ಅದಿರ್ಲಿ, ಮರಕ್ಕೂ ಅದರದ್ದೇ ಒಂದು ಬಣ್ಣ ಇಲ್ವಾ?" ಎಂದು ನಗುವರು. ಕಚ್ಚುವ ಚಾಳಿ ಹತ್ತಿದ್ದೂ ಆಗಲೇ. ಕಚ್ಚಿದರೆ ವಿಷ ಗೊತ್ತಾಗುತ್ತದೆಯೇ ಎಂದು ಹೆಂಡತಿ ರೇಗಿಸಿದ್ದಕ್ಕೆ ಒಮ್ಮೆ ಮಾತ್ರ ಉತ್ತರ ಕೊಟ್ಟಿದ್ದರು. "ಗೊತ್ತಾಗಲ್ಲ ಕಣೇ. ಇದು ಮಗು ಬಾಯಿಗೆ ಹೋಗೋ ವಸ್ತು ಅನ್ನೋದು ನೆನಪಲ್ಲಿರುತ್ತೆ."

ಗುಬ್ಬಿ ಬೆಳೆದಳು. ಲೆಕ್ಕ ಹತ್ತಲಿಲ್ಲ, ಹೇಳಿದ್ದನ್ನು ಹತ್ತು ಸಲ ಹೇಳಬೇಕು. ಅಪ್ಪನ ಪಕ್ಕ ಕೂತು ಪಾಲಿಶ್ ಪೇಪರಿನಿಂದ ಮರ ಉಜ್ಜುವುದೆಂದರೆ ಅವಳಿಗೆ ಇಷ್ಟ. ಕೈ ತೊಳೆದೇ ಆಟಿಕೆ ಮುಟ್ಟಬೇಕು, ಬಣ್ಣದ್ದು ಮಕ್ಕಳ ಬಾಯಿಗೆ ಹೋಗಬಾರದು ಎಂದು ಅಪ್ಪ ಅವಳಿಗೆ ಹೇಳುತ್ತಲೇ ಇರುವರು. ವಿಪರ್ಯಾಸವೆಂದರೆ ಅವಳ ಬಾಲ್ಯದ ಅತ್ಯಂತ ಸವಿಯಾದ ನೆನಪು ಆ ಬಾತುಕೋಳಿಯೇ. "ನನ್ನ ಹಳದಿ ಬಾತು ಎಲ್ಲಪ್ಪಾ?" ಎಂದು ಅವಳು ಕೇಳಿದಾಗಲೆಲ್ಲ, ಎಸೆಯಲು ಮನಸ್ಸು ಬಾರದೆ ಅದನ್ನು ಅಟ್ಟದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಅಪ್ಪ ಕೇಳಿಸದವರಂತೆ ಉಳಿ ಮಸೆಯುವರು.

ಗುಬ್ಬಿಯ ಬೆನ್ನಿಗೆ ಹುಟ್ಟಿದ ಮಗ ತನ್ನ ಕೂಸನ್ನು ಕರೆತಂದಿದ್ದ ದಿನ, ಮನೆ ಗುಡಿಸುವ ಗಡಿಬಿಡಿಯಲ್ಲಿ ಯಾರೋ ಆ ಪೆಟ್ಟಿಗೆಯನ್ನು ಕೆಳಗಿಳಿಸಿಬಿಟ್ಟರು. ಗುಬ್ಬಿ ಬಾತುಕೋಳಿಯನ್ನು ಎದೆಗವಚಿಕೊಂಡು ಕುಣಿದಾಡಿದಳು. ಕೂಸು ಅಂಬೆಗಾಲಿಡುತ್ತಾ ಬಂದು, ಬಾಯಿ ತೆರೆದು, ಎರಡೂ ಕೈ ಚಾಚಿತು. ಮಂಡಿನೋವಿನ ತಾತನಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಕುರ್ಚಿಯ ಕೈಗಳನ್ನು ಊರಿ ಮತ್ತೆ ಹೆಣಗಿದರು. ಇರುವ ಒಂದೇ ಮೊಮ್ಮಗು, ಅದೇ ಹಳದಿ!

ಗುಬ್ಬಿ ಕೂಸಿನ ಬಾಯನ್ನೇ ನೋಡುತ್ತಾ ನಿಂತಳು. ಆಮೇಲೆ ಬಾತುಕೋಳಿಯನ್ನು ಕಪಾಟಿನ ಮೇಲಿಟ್ಟು, ಕೈ ತೊಳೆದು ಬಂದು, ಅಂಗಡಿಯ ಬರೀ ಮೈಯ ಕುದುರೆಯೊಂದನ್ನು ಎತ್ತಿ, ಅದರ ಕಿವಿಯನ್ನು ಗಂಭೀರವಾಗಿ ಕಚ್ಚಿ, ಕ್ಷಣಕಾಲ ಕಣ್ಮುಚ್ಚಿ, ಅಪ್ಪನ ಕೋಟಿಗೇ ಒರೆಸಿದಳು. "ಹೂಂ, ತಗೋ" ಎಂದು ಕೂಸಿಗೆ ಕೊಟ್ಟಳು. ತಾತ ಅತ್ತದ್ದನ್ನು ಮನೆಯವರು ಕಂಡದ್ದು ಅದೇ ಮೊದಲು.

ಈಗ ಅವರೂ ಇಲ್ಲ, ಆ ಅಂಗಡಿಯೂ ಇಲ್ಲ. ಕೈಕಸುಬಿನವರ ಪ್ರೀತಿಯೆಲ್ಲ ಕೈಯಲ್ಲೇ ಇರುತ್ತದೆ, ಎಡವಿದರೂ ಅವರು ಅಲ್ಲೇ ಎಡವುತ್ತಾರೆ. ದುಃಖವನ್ನು ಬಾಯಿಬಿಟ್ಟು ಹೇಳಲು ಬಾರದ ಇಂಥವರು ಮರುದಿನ ಅದೇ ಕೆಲಸಕ್ಕೆ ಮತ್ತಷ್ಟು ಎಚ್ಚರದಿಂದ ಕೂರುತ್ತಾರೆ. ಅವರ ಪಶ್ಚಾತ್ತಾಪವನ್ನು ಯಾರದೋ ಮನೆಯ ಕೂಸು ಬಾಯಲ್ಲಿಟ್ಟುಕೊಂಡು ನಗುತ್ತಿರುತ್ತದೆ.