ಕತ್ತಲೆ ಮಾವ

ನಡೆಯುವಾಗ ಅವನು ಪಾದಗಳನ್ನು ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಎತ್ತುತ್ತಿದ್ದ, ಕೆಸರಿನಲ್ಲಿ ಕೊಕ್ಕರೆ ಹೆಜ್ಜೆ ಕಿತ್ತಿಡುವ ಹಾಗೆ. ರಂಗದ ಹಿಂದೆ ವೈರುಗಳನ್ನು ದಾಟಿ ದಾಟಿ ರೂಢಿಯಾದ ಆ ನಡಿಗೆ ಅಡುಗೆಮನೆಯ ಬೋಳು ನೆಲದಲ್ಲೂ ಅವನನ್ನು ಬಿಡಲಿಲ್ಲ.

"ಇಲ್ಲೇನೂ ಬಿದ್ದಿಲ್ಲ ಕಣೋ, ನೆಟ್ಟಗೆ ನಡಿ," ಎಂದು ಹೆಂಡತಿ ನಗುತ್ತಿದ್ದಳು.

ಸೆಕೆಯಲ್ಲೂ ಮೈಮೇಲೆ ಕಪ್ಪು ಕೋಟು. ನಾಟಕಕ್ಕೆ ಬೆಳಕು ಬಿಡುವವನು ತಾನು ಕಾಣಬಾರದು ಎಂಬುದು ಅವನ ನೇಮ. ತಂಡದ ಹುಡುಗಿಯರು ಅವನಿಗೆ ಕತ್ತಲೆ ಮಾವ ಎಂದು ಹೆಸರಿಟ್ಟಿದ್ದರು, ಕರೆದರೆ ಸಿಟ್ಟಾಗದೆ "ಹೂಂ, ಮುಂದೆ?" ಎನ್ನುತ್ತಿದ್ದ. ಯಾವ ಮಾತಿಗೂ ಅವನ ಉತ್ತರ ಅದೇ.

ಹೆಂಡತಿ ಅದೇ ತಂಡದ ನಟಿ. ದೀಪಗಳ ಹಲಗೆಯ ತಿರುಗುಗುಂಡಿಗಳ ಮೇಲೆ ಬೆರಳಿಟ್ಟು, ಅವಳ ಉಸಿರು ಏರಿದಾಗ ಬೆಳಕು ಏರಿಸಿ, ಇಳಿದಾಗ ಇಳಿಸಿ, ಅವನು ಅವಳನ್ನು ರಂಗದ ತುಂಬ ನಡೆಸಿದ್ದ. ಒಮ್ಮೆ ಶೋಕದ ದೃಶ್ಯದ ನಡುವೆ ಅವಳಿಗೆ ಸೀನು ಬಂತು. ಮೂಗು ಅರಳುವಷ್ಟರಲ್ಲಿ ಅವನು ಬೆಳಕನ್ನು ರಂಗದ ಮೇಲಿನ ಕಿಟಕಿಯತ್ತ ಸರಿಸಿಬಿಟ್ಟ. ಅಳು ತಡೆಯಲಾರದೆ ಮುಖ ಮರೆಸಿಕೊಂಡಳೆಂದು ಜನ ಕಣ್ಣೊರೆಸಿಕೊಂಡರು.

ಆಮೇಲೆ ರಂಗದ ಹಿಂಗೋಡೆಗೆ ವಿಡಿಯೋ ಬಂತು, ಅದರ ಹಿಂದೆಯೇ ಲ್ಯಾಪ್‌ಟಾಪು. ಒಂದೇ ಸಾಫ್ಟ್‌ವೇರಿನಲ್ಲಿ ಮೇಲಿನ ಸಾಲಿಗೆ ಚಿತ್ರ, ಕೆಳಗಿನ ಸಾಲಿಗೆ ದೀಪಗಳು. ಯಾವ ಚಿತ್ರಕ್ಕೆ ಯಾವ ದೀಪ, ಎಷ್ಟು ಹೊತ್ತು ಎಂದು ಮೊದಲೇ ಹೆಣೆದಿಟ್ಟು ಒಂದು ಕೀಲಿ ಒತ್ತಿದರೆ ಎಲ್ಲವೂ ತಾನಾಗಿಯೇ ಕೊನೆ ಮುಟ್ಟುತ್ತದೆ. ವಯಸ್ಸಾದವನು ಹೆದರಿಯಾನು ಎಂದುಕೊಂಡರೆ, ಸೊಸೆಯನ್ನು ಮೆಚ್ಚಿದ ಅಪರೂಪದ ಅತ್ತೆಯಂತೆ ಅವನು ಅದನ್ನು ಮೆಚ್ಚಿ ಕೂತ.

ಅಷ್ಟರಲ್ಲಿ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಮರಳಿದವು, ನಾಲಿಗೆ ಪೂರ್ತಿ ಮರಳಲಿಲ್ಲ. ಮಾತು ತಪ್ಪುತ್ತಿರಲಿಲ್ಲ, ತಡೆಯುತ್ತಿತ್ತು. ತುಂಬಿದ ಕೊಡ ಹೊತ್ತವಳು ಮೆಟ್ಟಿಲಿಗೊಮ್ಮೆ ನಿಲ್ಲುವಂತೆ ಪದಕ್ಕೊಮ್ಮೆ ನಿಲ್ಲುತ್ತಿತ್ತು. ಆದರೂ ಹಳೆಯ ನಾಟಕವೊಂದನ್ನು ಮತ್ತೆ ಎತ್ತಿಕೊಂಡಾಗ ನಿರ್ದೇಶಕಿ ತಾಯಿಯ ಪಾತ್ರವನ್ನು ಅವಳಿಗೇ ಕೊಟ್ಟಳು. ಅದರಲ್ಲೊಂದು ನೀಳ ಮಾತು. ಅದನ್ನು ಇನ್ನೊಂದೇ ಸಲ ಪೂರ್ತಿಯಾಗಿ ಆಡಿ ರಂಗದಿಂದ ಇಳಿಯಬೇಕು. ಅವಳಿಗೆ ಬೇರೆ ಆಸೆ ಉಳಿದಿರಲಿಲ್ಲ.

ಅವನು ದೀಪಗಳನ್ನು ಹೆಣೆದ, ಅವಳು ಚೆನ್ನಾಗಿದ್ದಾಗ ಆಡಿದ್ದ ಅದೇ ಮಾತಿನ ಧ್ವನಿಮುದ್ರಣ ಕೇಳುತ್ತ. ತಾಲೀಮಿನಲ್ಲಿ ಮಾತು ಅರ್ಧವಾಗುವ ಮುಂಚೆ ಬೆಳಕು ಅವಳನ್ನು ಬಿಟ್ಟು ರಂಗದ ಬಾಗಿಲಿಗೆ ಹೋಯಿತು.

"ಮಾವಾ, ಅಲ್ಲಿ ಸ್ವಲ್ಪ ತಡೆದು ಹಿಡೀರಿ. ಒಂದು ಗುಂಡಿ ಒತ್ತೋ ಕೆಲಸ ಅಲ್ವಾ?" ಎಂದಳು ನಿರ್ದೇಶಕಿ.

"ತಡೆದ್ರೆ ಹಿಂದಿನ ವಿಡಿಯೋದಲ್ಲಿರೋ ಸಮುದ್ರಾನೂ ನಿಲ್ಲುತ್ತೆ. ನಿಂತ ಅಲೆ ಎಲ್ಲಾದ್ರೂ ನೋಡಿದೀರಾ? ಅವಳು ಬಂದು ಮುಟ್ತಾಳೆ ಬಿಡಿ."

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಮೊದಲಿನ ಹಾಗೆ... ಕೈಯಲ್ಲೇ... ಮಾಡು."

"ಯಾಕೆ? ನಿಂಗೇನಾಗಿದೆ? ಚೆನ್ನಾಗೇ ಇದೀಯ."

ನಿಧಾನ ಆಗಿದೀನಿ ಎಂದು ಹೇಳಲು ಅವಳು ತುಟಿ ಕೂಡಿಸುವಷ್ಟರಲ್ಲಿ ಅವನು ತಟ್ಟೆ ತೊಳೆಯಲು ಎದ್ದಿದ್ದ.

ಪ್ರದರ್ಶನದ ಸಂಜೆ ಬೆಳಕು ಅದೇ ಜಾಗದಲ್ಲಿ ಅವಳನ್ನು ಬಿಟ್ಟಿತು. ಕತ್ತಲಲ್ಲೇ ಇನ್ನೆರಡು ಪದ ಆಡಿ, ಅವಳು ಕಣ್ಣೆತ್ತಿ ಸಭಾಂಗಣದ ಕೊನೆಗೆ ನೋಡಿದಳು. ಲ್ಯಾಪ್‌ಟಾಪಿನ ನೀಲಿ ಹೊಳಪಿನಲ್ಲಿ ಎಂದೂ ಕಾಣದ ಅವನ ಮುಖ ಕಾಣುತ್ತಿತ್ತು. ಅವನು ಪರದೆಯನ್ನೇ ನೋಡುತ್ತಿದ್ದ. ತುಟಿ ಆಡುತ್ತಿತ್ತು, ಅವಳ ಮಾತನ್ನೇ ಅವಳ ಹಳೆಯ ಓಟದಲ್ಲಿ ಹೇಳಿ ಮುಗಿಸಿ, ತೃಪ್ತಿಯಿಂದ ತುಟಿ ಮುಚ್ಚಿದ. ಅವಳಿಗೆ ಮುಂದಿನ ಪದ ಬರಲೇ ಇಲ್ಲ.

ಮುಂದಿನ ಪ್ರದರ್ಶನಕ್ಕೆ ತಾಯಿಯ ಪಾತ್ರ ಬೇರೊಬ್ಬಳದಾಯಿತು. ಆಕೆಯ ಕೊನೆಯ ಪದವೂ ಬೆಳಕೂ ಕೂಡಿಯೇ ಬಾಗಿಲು ಮುಟ್ಟಿದವು. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆಗೆ ಅವನು ಬಾಗಿ, ಮಗುವಿನ ಸಡಗರದಲ್ಲಿ ಪಿಸುಗುಟ್ಟಿದ:

"ನೋಡಿದ್ಯಾ? ಲೈಟು ಸರಿಯಾಗೇ ಇತ್ತು."

ಅವನನ್ನು ಕ್ರೂರಿ ಎನ್ನುವುದು ಸುಲಭ, ಆದರೆ ಅವನು ಕ್ರೂರಿಯಲ್ಲ. ಪ್ರೀತಿಸಿದವರನ್ನು ಅವರ ಒಳ್ಳೆಯ ದಿನವೊಂದರಲ್ಲಿ ಭದ್ರವಾಗಿ ಕೂರಿಸಿ, ಬಾಗಿಲು ಕಾಯುತ್ತ ಕೂರುವ ಜಾತಿಯವನು. ಅಂಥವರ ನಿಷ್ಠೆಗೆ ಕುಂದಿಲ್ಲ, ಕಾವಲಿಗೆ ಬೇಸರವಿಲ್ಲ. ಒಳಗಿರುವವರ ಸೇವೆಯಲ್ಲಿ ಅವರೆಷ್ಟು ಮುಳುಗಿರುತ್ತಾರೆಂದರೆ, ಅದೇ ವ್ಯಕ್ತಿ ಮುಪ್ಪಾಗಿ, ಮುರಿದು, ಹೊರಗಿನಿಂದ ಬಾಗಿಲು ತಟ್ಟಿದಾಗ ಯಾರು ನೀವು ಎಂದು ಕೇಳುವುದಕ್ಕೂ ತಲೆ ಎತ್ತುವುದಿಲ್ಲ.